ಕಿತ್ತ ಕೋಲುಗಳ ದಾರಿ

"ಹೋಗುವಾಗಲೇ ಕೀಳೋದಾ?" ಮೊದಲ ಕೋಲಿನ ಹತ್ತಿರವೇ ಓಡ್ನಿ ತಗಾದೆ ತೆಗೆದಳು. "ನಿನ್ನ ತಲೆ ನೆಟ್ಟಗಿದೆಯಾ ಅಕ್ಕ? ಬರುವಾಗ ಕಿತ್ಕೊಂಡು ಬರೋದಲ್ವಾ ಪದ್ಧತಿ? ಏಣಿ ಹತ್ತುತ್ತಾ ಹಿಂದಿನ ಮೆಟ್ಟಿಲು ಮುರ್ಕೊಂಡು ಹೋದ ಹಾಗಾಯ್ತು ಇದು."

"ದೋಣೀಲಿ ಟಿಕೆಟ್ ಹರಿಯೋಳು ನನಗೆ ಬೆಟ್ಟದ ಪಾಠ ಹೇಳ್ಬೇಡ. ಜಾರುಬಂಡಿ ಹಿಡ್ಕೊ," ಎಂದಳು ಬೋರ್ಗಿಲ್. ಕೋಲನ್ನು ಒಮ್ಮೆ ತಿರುಚಿ ಎಳೆದಳು. ಅದು ಹಿಮದಿಂದ ಸರಕ್ಕನೆ ಎದ್ದು ಬಂತು.

ಚಳಿಗಾಲದಲ್ಲಿ ಆ ಬೆಟ್ಟದ ಮೇಲೆ ದಾರಿ ಎಂಬುದೇ ಇರುವುದಿಲ್ಲ. ಫೆಬ್ರವರಿಯಲ್ಲಿ ಕಣಿವೆಯ ಕೊನೆಯ ಕುರಿದೊಡ್ಡಿಯಿಂದ ನೆತ್ತಿಯ ಕಲ್ಲುಗುಪ್ಪೆಯವರೆಗೆ ಹಿಮದಲ್ಲಿ ಬಿದಿರುಕೋಲು ನೆಡಬೇಕು. ಅಲ್ಲಿಂದಾಚೆಗೆ ಪಕ್ಕದ ಊರಿನವರ ಸರದಿ. ಈಸ್ಟರ್ ರಜೆಯಲ್ಲಿ ಸ್ಕೀ ಕಟ್ಟಿಕೊಂಡು ಬರುವವರು ಆ ಕೋಲುಗಳನ್ನೇ ನಂಬಿ ಹೋಗುತ್ತಾರೆ. ಮೇ ಕೊನೆಗೆ ಹಿಮ ಒಳಗೊಳಗೇ ಟೊಳ್ಳಾಗುತ್ತದೆ. ಆಗಲೂ ಕೋಲು ನಿಂತೇ ಇದ್ದರೆ ನಂಬಿ ಬಂದವರು ಸೀದಾ ಹೊಳೆಗೇ ಬೀಳುತ್ತಾರೆ. ಆದ್ದರಿಂದ ಕಿತ್ತು ತರಬೇಕು. ಗಂಡ ತೀರಿಹೋದ ವರ್ಷದಿಂದ ನೆಡುವುದೂ ಕೀಳುವುದೂ ಬೋರ್ಗಿಲ್‌ಳ ಪಾಲಿಗೆ ಬಂದಿತ್ತು. ಪ್ರತಿ ಸಲ ಜೊತೆಗೆ ಬರುತ್ತಿದ್ದ ನೆರೆಮನೆಯ ಐವಿಂದ್ ಈ ಸಲ ಕೈ ಮುರಿದುಕೊಂಡು ಕೂತಿದ್ದ. ಆದ್ದರಿಂದ ಕೆಳಗಿನ ಪಟ್ಟಣದಿಂದ ತಂಗಿ ರಜೆ ಹಾಕಿ ಬಂದಿದ್ದಳು.

ಹೋಗುವಾಗಲೇ ಕೀಳಲು ಕಾರಣವಿತ್ತು, ಅದು ಬೋರ್ಗಿಲ್ ಒಬ್ಬಳಿಗೇ ಗೊತ್ತಿತ್ತು. ಕಳೆದ ಶರತ್ಕಾಲದಿಂದ ಅವಳ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಬೆಳಗಿನ ಹೊತ್ತು ಬಿಸಿಲು ಓರೆಯಾಗಿದ್ದಾಗ ಒಂದೊಂದು ಕೋಲೂ ಹಿಮದ ಮೇಲೆ ಉದ್ದನೆಯ ನೀಲಿ ನೆರಳು ಚೆಲ್ಲುತ್ತದೆ. ಆ ನೆರಳು ಹಿಡಿದು ಹೋದರೆ ಕೋಲು ಸಿಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವಳ ಪಾಲಿಗೆ ಬೆಟ್ಟವೆಲ್ಲ ಚೆಲ್ಲಿದ ಹಾಲು. ಬೆಳಿಗ್ಗೆಯೇ ಕಿತ್ತು ಮುಗಿಸಿದರೆ ವಾಪಸು ಬರುವಾಗ ತಂಗಿಯ ಕೆಂಪು ಚೀಲದ ಹಿಂದೆ ಹರಟೆ ಹೊಡೆಯುತ್ತ ಇಳಿದುಬಿಡಬಹುದು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬಹಳ ಚೆಂದದ ಲೆಕ್ಕಾಚಾರ. ಬೆಟ್ಟವನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ.

ಗೊತ್ತಾದರೆ ಏನಾಗುತ್ತಿತ್ತು ಎಂದು ಅವಳು ಹಾಸಿಗೆಯಲ್ಲಿ ಹೊರಳಾಡುತ್ತ ಎಷ್ಟೋ ಸಲ ಯೋಚಿಸಿದ್ದಳು. ಈ ಕೆಲಸ ಒಪ್ಪಿಸಿದ್ದ ಬೆಟ್ಟದ ಸಂಘದವರು ಬಂದು ಕಾಫಿ ಕುಡಿದು, ಬಹಳ ಮರ್ಯಾದೆಯಿಂದ ಕೋಲುಗಳನ್ನು ಬೇರೆಯವರ ಕೈಗೆ ಕೊಡುತ್ತಿದ್ದರು. ಆಮೇಲೆ ಅವಳು ಕಿಟಕಿಯ ಬಳಿ ಕೂತು ಕಾಲುಚೀಲ ಹೆಣೆಯಬೇಕು.

ರಾತ್ರಿಯ ಚಳಿಗೆ ಹಿಮದ ಮೇಲ್ಪದರ ಕಲ್ಲಿನಂತೆ ಗಟ್ಟಿಯಾಗಿತ್ತು. ಬೂಟಿನ ಗುರುತೂ ಬೀಳಲಿಲ್ಲ, ಬಂಡಿಯ ಗೀರೂ ಮೂಡಲಿಲ್ಲ. ನಡುವೆ ಹೊಳೆ ಅಡ್ಡ ಬರುತ್ತಿತ್ತು. ಆಳದ ಕಮರಿಯಲ್ಲಿ ನೀರು, ಅದರ ಮೇಲೆ ಒಂದೇ ಒಂದು ಕಡೆ ದಪ್ಪನೆಯ ಹಿಮದ ಸೇತುವೆ. ಅಲ್ಲಿ ಮಾತ್ರ ಎರಡೂ ದಡಕ್ಕೆ ಜೋಡಿ ಕೋಲು ನೆಟ್ಟಿದ್ದರು. ಬೋರ್ಗಿಲ್ ಅವನ್ನೂ ಕಿತ್ತಳು. ಓಡ್ನಿ ಅಕ್ಕನ ಮುಖವನ್ನೊಮ್ಮೆ ನೋಡಿ ಅವನ್ನು ಬಂಡಿಗೇರಿಸಿದಳು.

ನೆತ್ತಿಯ ಕಲ್ಲುಗುಪ್ಪೆಗೆ ಬೆನ್ನು ಕೊಟ್ಟು ಕಂದು ಚೀಸಿನ ಬ್ರೆಡ್ಡು ತಿಂದು ಕಾಫಿ ಕುಡಿಯುತ್ತಿದ್ದಾಗ ಮಂಜು ಬಂತು. ಮೊದಲು ಎದುರಿನ ಶಿಖರ ಹೋಯಿತು, ಆಮೇಲೆ ಇಳಿಜಾರು, ಆಮೇಲೆ ಬಂಡಿಯ ಮೂತಿ. ಜೊತೆಗೆ ಬೆಚ್ಚನೆಯ ತುಂತುರು ಮಳೆ.

"ರೇಡಿಯೋದಲ್ಲಿ ಸಂಜೆಗೆ ಅಂದಿದ್ರು," ಎಂದಳು ಓಡ್ನಿ.

"ರೇಡಿಯೋದವರು ಬೆಟ್ಟ ಹತ್ತಿದ್ದಾರಾ?"

"ಇದು ಬಿಡುತ್ತಾ?"

"ಮೂರು ದಿನ ಬಿಡಲ್ಲ. ಸಂಜೆಯೊಳಗೆ ಸೇತುವೆ ಕುಸಿಯುತ್ತೆ. ಇಲ್ಲೇ ಕೂತ್ರೆ ಒದ್ದೆಯಾಗಿ ಹೆಪ್ಪುಗಟ್ಟಿ ಸಾಯ್ತೀವಿ. ಏಳು."

ದಿಕ್ಸೂಚಿ ಇತ್ತು. ಕಣಿವೆ ಯಾವ ಕಡೆ ಎಂದು ಅದು ಹೇಳುತ್ತಿತ್ತು. ಕಮರಿಯುದ್ದಕ್ಕೂ ಆ ಒಂದೇ ಸೇತುವೆ ಎಲ್ಲಿ ಎಂದು ಹೇಳುವ ಶಕ್ತಿ ಅದಕ್ಕಿರಲಿಲ್ಲ. ಅದನ್ನು ಹೇಳಬೇಕಾಗಿದ್ದ ಕೋಲುಗಳೆಲ್ಲ ಬಂಡಿಯಲ್ಲಿ ಅಚ್ಚುಕಟ್ಟಾಗಿ ಮಲಗಿದ್ದವು.

ಒಂದೇ ದಾರಿ ಉಳಿದಿತ್ತು. ಫೆಬ್ರವರಿಯಿಂದ ನಿಂತ ಕೋಲಿನ ಸುತ್ತ ಬಿಸಿಲಿಗೆ ಹಿಮ ಕರಗಿ ಬಟ್ಟಲಿನಷ್ಟು ಅಗಲದ ಕುಳಿಯಾಗಿರುತ್ತದೆ. ಕೋಲು ಹೋದರೂ ಕುಳಿ ಇದ್ದೇ ಇರುತ್ತದೆ. ಬಂಡಿಯನ್ನು ಅಲ್ಲೇ ಬಿಟ್ಟು, ಅದರ ಹಗ್ಗ ಬಿಚ್ಚಿ ಇಬ್ಬರೂ ಸೊಂಟಕ್ಕೆ ಕಟ್ಟಿಕೊಂಡು, ಒಂದು ಹೊರೆ ಕೋಲು ಬೆನ್ನಿಗೇರಿಸಿಕೊಂಡರು. ಕುಳಿ ಸಿಕ್ಕಲ್ಲಿ ಕೋಲು ನೆಟ್ಟು ಒಬ್ಬಳು ನಿಲ್ಲುವುದು, ಇನ್ನೊಬ್ಬಳು ಹಗ್ಗದ ಅಳತೆಯಲ್ಲಿ ಮುಂದೆ ಹೋಗಿ ಮುಂದಿನ ಕುಳಿ ಹುಡುಕುವುದು.

"ನಾನು ಹುಡುಕ್ತೀನಿ, ನೀನು ನಿಂತ್ಕೋ," ಎಂದಳು ಬೋರ್ಗಿಲ್. ಯಾವಾಗಲೂ ಮುಂದೆ ಹೋಗುತ್ತಿದ್ದವಳು ಅವಳೇ. ಈಗ ಹಿಂದೆ ನಿಂತರೆ ಕಾರಣ ಹೇಳಬೇಕಾಗುತ್ತಿತ್ತು.

ಮೊದಲ ಕೆಲವು ಕುಳಿ ಸಿಕ್ಕವು. ಕಣ್ಣಿಗಲ್ಲ, ಕಾಲಿಗೆ. ಹಿಮ ಮೆತ್ತಗಾಗಿ ಮೊಣಕಾಲವರೆಗೆ ಹೂತುಹೋಗುತ್ತಿತ್ತು, ಅವಳು ಕೋಲಿನ ತುದಿಯಿಂದ ಕುರುಡಿಯಂತೆ ತಡಕುತ್ತ ಸಾಗಿದಳು. ಆ ಮಾತು ಮನಸ್ಸಿಗೆ ಬಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಆಮೇಲೆ ಬಹಳ ಹೊತ್ತು ಏನೂ ಸಿಗಲಿಲ್ಲ. ಹಿಂದಿನಿಂದ ತಂಗಿ, "ಸಿಕ್ತಾ? ಸಿಕ್ತಾ ಅಕ್ಕ?" ಎಂದು ಕೂಗುತ್ತಲೇ ಇದ್ದಳು. ಆಗ ಬಿಳಿಯ ನಡುವೆ ಕಪ್ಪನೆಯದೊಂದು ಕಂಡಿತು. ಕುಳಿಯೇ ಇರಬೇಕು ಎಂದುಕೊಂಡಳು. ಇರಲಿ ಎಂದು ಬಯಸಿದಳು ಎಂದರೇ ಸರಿ.

"ಸಿಕ್ತು ಬಾ!" ಎಂದು ಕೋಲು ನೆಟ್ಟಳು.

ಇನ್ನೂ ಒಂದು ಹಾಗೆಯೇ ಸಿಕ್ಕಿತು. ಅದರ ಬಳಿ ಓಡ್ನಿ ಬಂದು ಮಂಡಿಯೂರಿ ನೋಡಿದಳು.

"ಅಕ್ಕ, ಇದು ಕುಳಿ ಅಲ್ಲ."

"ಮತ್ತೇನು?"

"ಹಕ್ಕಿ ಹಿಕ್ಕೆ."

ಬೇರೆ ಯಾವಾಗಲಾದರೂ ಆಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಅಷ್ಟರಲ್ಲಿ ಓಡ್ನಿ ತಲೆ ಓರೆ ಮಾಡಿ ಕಿವಿಗೊಟ್ಟಳು. ನೀರಿನ ಸದ್ದು ಎದುರಿನಿಂದ ಬರುತ್ತಿರಲಿಲ್ಲ. ಕಾಲ ಕೆಳಗಿನಿಂದ ಬರುತ್ತಿತ್ತು.

"ಅಲ್ಲಾಡ್ಬೇಡ," ಎಂದು ಪಿಸುಗುಟ್ಟಿದಳು. "ಮಲಕ್ಕೋ. ಹೊಟ್ಟೆ ಮೇಲೆ. ಹಾಗೇ ಹಿಂದಕ್ಕೆ ತೆವಳು."

ಇಬ್ಬರೂ ತೆವಳಿದರು. ಹಿಂದಿನ ಕೋಲು ಕೈಗೆ ಸಿಗುವ ಹೊತ್ತಿಗೆ ಅವರು ನೆಟ್ಟಿದ್ದ ಆ ಕೊನೆಯ ಕೋಲು, ಸುತ್ತಲಿನ ಹಿಮದ ಸಮೇತ, ಸದ್ದಿಲ್ಲದೆ ಕೆಳಗೆ ಹೋಯಿತು. ಆಮೇಲೆ ಆಳದಿಂದ ಧೊಪ್ಪೆಂದಿತು.

ಬೋರ್ಗಿಲ್‌ಳ ಕೈ ಸೊಂಟದ ಗಂಟಿಗೆ ಹೋಯಿತು. ಇನ್ನೊಂದು ಸಲ ಹೀಗಾದರೆ ತಾನು ಮಾತ್ರ ಹೋಗುವುದಿಲ್ಲ, ಸೊಂಟದ ಹಗ್ಗ ತಂಗಿಯನ್ನೂ ಎಳೆದುಕೊಂಡು ಹೋಗುತ್ತದೆ.

"ಓಡ್ನಿ, ನಂಗೆ ಕಣ್ಣು ಕಾಣ್ಸಲ್ಲ," ಎಂದಳು.

"ಈ ಮಂಜಲ್ಲಿ ಯಾರಿಗೆ ಕಾಣುತ್ತೆ?"

"ಮಂಜಲ್ಲ ಕಣೇ. ಪೊರೆ. ಎರಡೂ ಕಣ್ಣಿಗೆ. ಅದಕ್ಕೇ ಹೋಗುವಾಗಲೇ ಕಿತ್ತಿದ್ದು. ಮಧ್ಯಾಹ್ನದ ಮೇಲೆ ನಂಗೆ ಏನೂ ಗೊತ್ತಾಗಲ್ಲ."

ಓಡ್ನಿ ಬೈಯಲು ಶುರುಮಾಡಿದಳು. "ನಿನ್ನ ಜಂಬಕ್ಕೆ ಬೆಂಕಿ ಹಾಕ! ನನ್ನ ಕೊಲ್ಲೋಕೇ ಕರ್ಕೊಂಡು ಬಂದ್ಯಾ? ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ನಾಲಿಗೆ ಸವೀತಿತ್ತಾ?"

"ಹೇಳಿದ್ರೆ ಕೋಲು ಕಿತ್ಕೋತಾರೆ. ಇದು ಬಿಟ್ರೆ ನಂಗೆ ಇನ್ನೇನಿದೆ ಹೇಳು." ಹಾಗೆಂದವಳೇ ಅತ್ತುಬಿಟ್ಟಳು. ತಾಯಿಯ ಮಣ್ಣಿನ ದಿನವೂ ಅವಳು ತಂಗಿಯೆದುರು ಅತ್ತಿರಲಿಲ್ಲ.

ಓಡ್ನಿ ಕೈಗವಸಿನಿಂದ ಅಕ್ಕನ ಮುಖ ಒರೆಸಿದಳು. ಮೆಲ್ಲಗೆ ಒರೆಸಿದಳು ಎಂದು ಹೇಳುವಂತಿರಲಿಲ್ಲ. "ಆಯ್ತು, ಅಳು ಆಮೇಲೆ. ಈಗ ನೀನು ಕಂಬ. ಹಗ್ಗ ಹಿಡ್ಕೊಂಡು ನಿಲ್ಲು. ಹುಡುಕೋದು ನಾನು."

ಸರಿಯಾದ ಕೊನೆಯ ಕುಳಿಯವರೆಗೆ ವಾಪಸು ಹೋಗಿ ಮತ್ತೆ ಶುರುಮಾಡಿದರು. ಓಡ್ನಿ ಮಂಜಿನಲ್ಲಿ ಮಾಯವಾಗುತ್ತಿದ್ದಳು, ದನಿ ಮಾತ್ರ ಬರುತ್ತಿತ್ತು. ದೋಣಿಯ ಎಂಜಿನ್ ಸದ್ದಿನ ಮೇಲೆ ಇಪ್ಪತ್ತು ವರ್ಷ ಕೂಗಿ ಕೂಗಿ ಪಳಗಿದ ದನಿ. ಮದುವೆ ಮನೆಯಲ್ಲೆಲ್ಲ ಬೋರ್ಗಿಲ್ ಆ ದನಿಗೆ ನಾಚಿ ತಲೆ ತಗ್ಗಿಸಿದ್ದಳು. ಈಗ ಅದು ನಿಂತಾಗಲೆಲ್ಲ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

"ಜೋಡಿ ಕುಳಿ! ಅಕ್ಕ, ಇಲ್ಲಿ ಎರಡಿವೆ, ಪಕ್ಕ ಪಕ್ಕ!"

ಸೇತುವೆ ಸಿಕ್ಕಿತ್ತು. ಬೋರ್ಗಿಲ್ ಕೋಲುಗಳನ್ನೆಲ್ಲ ಒಟ್ಟು ಸೇರಿಸಿ ಹಿಮದಲ್ಲಿ ಆಳಕ್ಕೆ ಚುಚ್ಚಿ, ಅದಕ್ಕೆ ಹಗ್ಗ ಸುತ್ತಿ, ಹಿಮ್ಮಡಿ ಊರಿ ಕೂತಳು. "ದಾಟಿದ ಮೇಲೆ ಎರಡು ಸಲ ಜಗ್ಗು. ನಿಂತ್ಕೊಂಡು ಹೋಗ್ಬೇಡ, ತೆವಳು," ಎಂದಳು.

ಹಗ್ಗ ಇಂಚಿಂಚಾಗಿ ಅವಳ ಅಂಗೈಯಿಂದ ಜಾರಿತು. ಹೊಳೆಯ ಸದ್ದಿಗೆ ತಂಗಿಯ ದನಿಯೂ ಮುಳುಗಿತು. ಹಗ್ಗ ನಿಂತಿತು, ಮತ್ತೆ ಸರಿಯಿತು, ಮತ್ತೆ ನಿಂತಿತು. ಆಮೇಲೆ ಒಮ್ಮೆಲೇ ಸೆಟೆದು ಅವಳನ್ನು ಮುಂದಕ್ಕೆ ಎಳೆದುಕೊಂಡು ಹೋಯಿತು.

ಬೋರ್ಗಿಲ್ ಬೆನ್ನ ಮೇಲೆ ಬಿದ್ದು ಎರಡೂ ಕಾಲು ಕೋಲುಗಳ ಬುಡಕ್ಕೆ ಒತ್ತಿದಳು. ಬಿದಿರು ಲಟಲಟ ಅಂದಿತು. "ಓಡ್ನಿ!" ಎಂದು ಕಿರುಚಿದಳು. ಉತ್ತರವಿಲ್ಲ. ದೇವರ ಜೊತೆ ಅವಳದು ಅಷ್ಟಕ್ಕಷ್ಟೆ, ಆದರೂ ಆಗ ಬೇಡಿಕೊಂಡಳು. ಕಣ್ಣು ಬೇಕಾದರೆ ಇಟ್ಟುಕೋ, ಕೋಲನ್ನೂ ಇಟ್ಟುಕೋ, ಇವಳನ್ನು ಕೊಡು ಎಂದಳು.

ಹಗ್ಗ ಸಡಿಲವಾಯಿತು. ಎಷ್ಟೋ ಹೊತ್ತಿನ ಮೇಲೆ ಒಂದು ಸಲ ಜಗ್ಗಿತು. ಇನ್ನೊಂದಕ್ಕಾಗಿ ಅವಳು ಉಸಿರು ಹಿಡಿದು ಕಾದಳು. ಇನ್ನೊಂದೂ ಬಂತು.

ಆಮೇಲೆ ದನಿ ಬಂತು, ಎದೆ ಒಡೆದುಕೊಂಡು ಕೂಗಿದ ಹಾಗೆ. "ಅಕ್ಕಾ! ನನ್ನ ಕಾಲು ಒಳಗೆ ಹೋಗಿತ್ತು! ನಡುವೆ ತೂತಾಗಿದೆ! ತೂತು ನಿನ್ನ ಬಲಕ್ಕೆ! ಎಡಗಡೆನೇ ತೆವಳು, ನಾನು ಹೇಳಿದ ಹಾಗೇ ಬಾ!"

ಬೋರ್ಗಿಲ್ ಕೋಲುಗಳನ್ನು ಕಿತ್ತು ಬೆನ್ನಿಗೆ ಕಟ್ಟಿ ಸೇತುವೆಯ ಮೇಲೆ ಹೊಟ್ಟೆ ಇಟ್ಟಳು. ಹಿಮ ಅಡಿಯಿಂದ ನಡುಗುತ್ತಿತ್ತು. ಕಣ್ಣೆದುರು ಬಿಳಿ, ಬರೀ ಬಿಳಿ. ಅವಳು ಕಣ್ಣು ಮುಚ್ಚಿಕೊಂಡಳು. ಇದ್ದೂ ಉಪಯೋಗವಿರಲಿಲ್ಲ. "ಎಡಕ್ಕೆ... ಇನ್ನೂ ಎಡಕ್ಕೆ... ಈಗ ಸೀದಾ!" ಹುಟ್ಟಿದಾಗಿನಿಂದ ತಂಗಿಗೆ ಅಪ್ಪಣೆ ಕೊಟ್ಟೇ ಬೆಳೆದವಳು ಈಗ ಅವಳ ಒಂದೊಂದು ಮಾತಿಗೂ ಒಂದೊಂದು ಕೈ ಮುಂದಿಟ್ಟಳು. ಬಲಗೈ ಒಮ್ಮೆ ಶೂನ್ಯದಲ್ಲಿ ಆಡಿತು, ಕೆಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಅವಳು ಕೈ ಹಿಂದೆಗೆದು ಎಡಕ್ಕೆ ಸರಿದಳು. ಕೊನೆಗೆ ಎರಡು ಕೈ ಬಂದು ಅವಳ ಕಾಲರು ಹಿಡಿದು, ಮೂಟೆ ಎಳೆದಂತೆ ದಡಕ್ಕೆ ಎಳೆದವು.

ಇಬ್ಬರೂ ಒದ್ದೆ ಹಿಮದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಬಹಳ ಹೊತ್ತು ಬಿದ್ದಿದ್ದರು.

"ಸೋಮವಾರ ಆಸ್ಪತ್ರೆಗೆ ಫೋನ್ ಮಾಡ್ತೀನಿ," ಎಂದಳು ಓಡ್ನಿ.

"ಅಮ್ಮಂಗೆ ಆಪರೇಷನ್ ಮಾಡಿ ಇದ್ದ ಕಣ್ಣೂ ಹೋಯ್ತಲ್ಲೇ."

"ಅಮ್ಮನ ಕಾಲ ಬೇರೆ. ನೀನು ಬರ್ತೀಯ. ಬರಲ್ಲ ಅಂದ್ರೆ ಈ ಹಗ್ಗದಲ್ಲೇ ಕಟ್ಟಿ ಎಳ್ಕೊಂಡು ಹೋಗ್ತೀನಿ."

ಬೋರ್ಗಿಲ್ ಆಗಲಿ ಎಂದು ತಲೆಯಾಡಿಸಿದಳು. "ಸಂಘದವರಿಗೆ ಏನಂತ ಹೇಳೋದು?"

ಓಡ್ನಿ ಅಕ್ಕನ ಬೆನ್ನಿನ ಹೊರೆ ಬಿಚ್ಚಿ ತನ್ನ ಹೆಗಲಿಗೇರಿಸಿಕೊಂಡು ಇಳಿಜಾರಿನಲ್ಲಿ ಮುಂದೆ ಹೋದಳು. ಕುಳಿ ಹುಡುಕಿ ಒಂದು ಕೋಲು ನೆಟ್ಟು ಕೂಗಿದಳು. ದನಿ ಹಿಡಿದು ಬೋರ್ಗಿಲ್ ಹೋದಳು, ಕೋಲು ಕೈಗೆ ಸಿಕ್ಕಿತು. ಅಷ್ಟರಲ್ಲಿ ತಂಗಿ ಮುಂದಿನದನ್ನು ನೆಟ್ಟು ಕೂಗುತ್ತಿದ್ದಳು. ಕೈಯಲ್ಲಿದ್ದ ಕೋಲನ್ನು ಬೋರ್ಗಿಲ್ ಒಮ್ಮೆ ತಿರುಚಿ ಎಳೆದಳು. ಅದು ಸರಕ್ಕನೆ ಎದ್ದು ಬಂತು.

"ಹಿಂದಿನದು ಕಿತ್ಯಾ ಅಕ್ಕ?" ಮಂಜಿನೊಳಗಿಂದ ದನಿ ಬಂತು. "ಫೆಬ್ರವರೀಲೂ ಹೀಗೇ ಮಾಡೋಣ. ರಜೆ ಹಾಕ್ತೀನಿ. ನಾನು ಮುಂದೆ, ನೀನು ಹಿಂದೆ."

"ಕಿತ್ತೆ ಕಣೇ," ಎಂದಳು ಬೋರ್ಗಿಲ್. "ನೀನು ಕೂಗೋದು ನಿಲ್ಲಿಸ್ಬೇಡ."

ಕೆಳಗೆ ಕುರಿದೊಡ್ಡಿ ಸಿಗುವವರೆಗೂ ಒಬ್ಬಳು ನೆಡುತ್ತ ಇನ್ನೊಬ್ಬಳು ಕೀಳುತ್ತ ಇಳಿದರು.