ತೆಗೆಸಬೇಕಾದರೆ ಮೊದಲು ಸೇರಿಸಬೇಕು

ಮಿಹ್ವಾಗೆ ಸಾಕುಸಾಕಾಗಿತ್ತು. ಫುಕುಓಕಾದ ಮಾರುಕಟ್ಟೆ ಬೀದಿಯಲ್ಲಿ ಕಿಮ್ಚಿ ಅಂಗಡಿ ಇಟ್ಟು, ದಿನಾ ಬೆಳಗ್ಗೆ ರಾಶಿ ಎಲೆಕೋಸು ಸೀಳಿ ಉಪ್ಪಿಗೆ ಹಾಕುವ ಹೆಂಗಸು ಅವಳು, ಕೆಲಸಕ್ಕೆ ದಣಿಯುವ ಜೀವವಲ್ಲ. ಅವಳನ್ನು ಹಣ್ಣುಮಾಡಿದ್ದು ಕಾಗದಪತ್ರ. ಮಗ ಇಯೋರಿ ಹುಟ್ಟಿದಾಗ ಅವನ ಹೆಸರನ್ನು ಗಂಡ ಕೊಹೇಯ್‌ನ ಕಡೆ, ಜಪಾನಿನಲ್ಲಿ ಬರೆಸಿದ್ದಳು. ತನ್ನ ಕೊರಿಯಾದಲ್ಲಿ ಬರೆಸಿರಲಿಲ್ಲ. ತನ್ನ ಅಪ್ಪನಿಗೆ ಬೇಡವಾದ ಮದುವೆ, ಅದನ್ನೂ ಅಲ್ಲಿ ಬರೆಸಿರಲಿಲ್ಲ. ಬರೆಸದ ಮೇಲೆ ಮಗ ಆ ದೇಶದವನಲ್ಲ, ಅಲ್ಲಿನ ಗಂಡುಹುಡುಗರಿಗೆಲ್ಲ ಕಡ್ಡಾಯವಾದ ಸೈನ್ಯದ ಕಾಟವೂ ಇಲ್ಲ ಎಂದು ನಂಬಿಕೊಂಡಿದ್ದಳು. ಸಮುದ್ರ ದಾಟಿ ಮದುವೆಯಾಗಿ ಬಂದ ಅವಳ ಗೆಳತಿಯರೂ ಹಾಗೇ ನಂಬಿ, ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

ಫೆಬ್ರವರಿಯಲ್ಲಿ ಬರೆಸದಿದ್ದರೂ ಸೈನ್ಯ ಬಿಡುವುದಿಲ್ಲ ಎಂದು ಯಾರೋ ಗಿರಾಕಿ ಹೆದರಿಸಿದ ಮೇಲೆ ಅವಳು ಕೊರಿಯಾದ ದೂತಾವಾಸಕ್ಕೆ ಓಡಿದಳು. ಗಾಜಿನ ಆಚೆ ಕೂತಿದ್ದ ಹುಡುಗಿ ಮರ್ಯಾದೆಯಾಗಿಯೇ ಹೇಳಿದಳು:

“ತಾಯಿ ಕೊರಿಯಾದವರು ಅಂದ್ಮೇಲೆ ಮಗ ಹುಟ್ಟಿದ ದಿನದಿಂದ್ಲೇ ನಮ್ಮವನು ಅಮ್ಮಾ. ಬರೆಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಈ ವರ್ಷ ಹದಿನೆಂಟು ತುಂಬುತ್ತೆ. ಮಾರ್ಚ್ ಮೂವತ್ತೊಂದರ ಒಳಗೆ ಪೌರತ್ವ ಬಿಡದಿದ್ರೆ ಸೈನ್ಯದ ಪಟ್ಟೀಲಿ ಉಳೀತಾನೆ. ಆಮೇಲೆ ಸೇವೆ ಮುಗಿಸೋ ತನಕ ಬಿಡೋದು ಕಷ್ಟ.”

“ಹಂಗಾದ್ರೆ ಇವತ್ತೇ ಬಿಡಿಸಿಬಿಡಿ.”

“ಅವನ ಹೆಸರೇ ನಮ್ಮಲ್ಲಿಲ್ವಲ್ಲ! ಮೊದ್ಲು ನಿಮ್ಮ ಮದುವೆ ಬರೆಸಿ, ಆಮೇಲೆ ಮಗನ ಹುಟ್ಟು ಬರೆಸಿ. ಅದಾದ್ಮೇಲೆ ತೆಗೆಸಬಹುದು.”

“ತೆಗೆಸೋದಕ್ಕೆ ಅಂತ ಸೇರಿಸ್ಬೇಕಾ?”

“ಹೌದಮ್ಮಾ.”

ಅಯ್ಯೋ, ಇದಕ್ಕೆ ನಗಬೇಕೋ ಅಳಬೇಕೋ! ಎರಡಕ್ಕೂ ಶಕ್ತಿಯಿಲ್ಲದೆ ಮಿಹ್ವಾ ಅರ್ಜಿಗಳನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದಳು.

ಮನೆಯಲ್ಲಿ ಕೊಹೇಯ್ ಮೀನು ಬಿಡಿಸಿ ತಿನ್ನುತ್ತಾ, “ನಿನ್ನ ದೇಶದ ವಿಚಾರ. ನೀನು ಹೇಗೆ ಹೇಳಿದ್ರೆ ಹಾಗೆ,” ಎಂದ.

“ಮದುವೆಯಾದಾಗಿನಿಂದ ಎಲ್ಲದಕ್ಕೂ ಇದೇ ಮಾತು. ಒಂದು ದಿನ ನೀನೇ ಏನಾದ್ರೂ ಹೇಳಬಾರ್ದಾ ಮಾರಾಯ?”

“ಹೇಳಿದ್ರೆ ಕೇಳ್ತೀಯಾ?”

ಅವಳು ಅರ್ಜಿಗಳನ್ನು ಚೀಲದಿಂದ ತೆಗೆದು ಮಗನ ಮುಂದೆ ಹರಡಿದಳು.

ಇಯೋರಿ ಅವುಗಳನ್ನು ಪಕ್ಕಕ್ಕೆ ತಳ್ಳಿದ. “ನಾನು ಬಿಡಲ್ಲ. ಎರಡೂ ಪೌರತ್ವ ಇಟ್ಕೋತೀನಿ. ತಾತನ ಊರು ಬುಸಾನ್‌ನಲ್ಲಿ ಹಡಗಿನ ಇಂಜಿನ್ ಕಲೀಬೇಕು ನಾನು. ಒಂದೂವರೆ ವರ್ಷ ಸೈನ್ಯ ತಾನೇ? ಅಲ್ಲಿ ಎಲ್ಲಾ ಹುಡುಗ್ರೂ ಮಾಡಲ್ವಾ?”

“ಎಲ್ಲಾ ಹುಡುಗ್ರೂ ಮಾಡ್ತಾರೆ, ಎಲ್ಲಾ ಹುಡುಗ್ರೂ ವಾಪಸ್ ಬರಲ್ಲ.”

“ಸೋದರಮಾವನ ವಿಷ್ಯಾನಾ? ಏನಾಯ್ತು ಅಂತ ಒಂದಿನಾನೂ ನೀನು ಸರಿಯಾಗಿ ಹೇಳೇ ಇಲ್ಲ.”

ಅವಳು ಆಗಲೂ ಹೇಳಲಿಲ್ಲ. ತಮ್ಮ ಜೆಗುಕ್ ಸೈನ್ಯಕ್ಕೆ ಸೇರಿದ ಎಂಟನೇ ತಿಂಗಳಲ್ಲಿ ಮಳೆಗೆ ಗುಡ್ಡ ಕುಸಿದು ಸತ್ತಿದ್ದ. ಎರಡು ವರ್ಷದ ಇಯೋರಿಯನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಸಾವಿನ ಮನೆಗೆ ಹೋದಾಗ ಅಪ್ಪ ಮಗುವಿನ ಮುಖವನ್ನೇ ನೋಡಿರಲಿಲ್ಲ. “ಹೆತ್ತ ಎರಡೂ ಹೋದ್ವು,” ಎಂದು ಅವಳ ಎದುರಿಗೇ ನೆಂಟರಿಗೆ ಹೇಳಿದ್ದರು. ಅಲ್ಲಿಂದಾಚೆಗೆ ಹಬ್ಬಕ್ಕೊಮ್ಮೆ ಫೋನು. “ಇದ್ದೀನಿ,” ಎಂದು ಇಟ್ಟುಬಿಡುತ್ತಿದ್ದರು. ಈಗ ಅವರಿಗೆ ಎಂಬತ್ತೊಂದು ವರ್ಷ, ಬುಸಾನ್‌ನಲ್ಲಿ ಒಬ್ಬರೇ.

ಮದುವೆ ದಾಖಲಾಯಿತು, ಮಗನ ಹುಟ್ಟೂ ದಾಖಲಾಯಿತು. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ತಾನೇ ಹೇಳುವುದು ಮೇಲೆಂದು ಅವಳು ಅಪ್ಪನಿಗೆ ಫೋನು ಮಾಡಿದಳು. ಸೇರಿಸಿದ್ದನ್ನೂ ಹೇಳಿದಳು, ತೆಗೆಸುವುದನ್ನೂ ಹೇಳಿದಳು.

“ಇವತ್ತು ಸೇರಿಸಿ ನಾಳೆ ಕಳಿಸೋಕೆ ನಮ್ಮ ವಂಶ ಏನು ಛತ್ರ ಅಂದ್ಕೊಂಡ್ಯಾ?” ಅಪ್ಪ ಫೋನು ಕುಕ್ಕಿದರು.

ಗಡುವಿಗೆ ನಾಲ್ಕು ದಿನ ಉಳಿದಾಗ ಅವರೇ ಫೋನು ಮಾಡಿದರು. “ನಾಳೆ ಹಡಗಲ್ಲಿ ಬರ್ತಾ ಇದ್ದೀನಿ. ನಾನು ಬರೋ ತನಕ ಏನೂ ಬರೀಬೇಡಿ.”

ಇಯೋರಿ ಕುಣಿದಾಡಿದ. “ನೋಡಿದ್ಯಾ, ತಾತ ನನ್ನ ಕಡೆ!”

ಮಿಹ್ವಾ ಎಲೆಕೋಸಿನ ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟಳು. ಮಗ ಒಂದು ಕಡೆ, ಅಪ್ಪ ಒಂದು ಕಡೆ, ಬಾಯಿಲ್ಲದ ಗಂಡ ಒಂದು ಕಡೆ. ಯಾರೊಂದಿಗೆ ಎಷ್ಟು ಜಗಳ ಆಡುವುದು? ಒಂದು ಗಳಿಗೆ, ಏನಾದರೂ ಆಗಲಿ, ಹೋಗಲಿ ಬಿಡು ಎನಿಸಿಬಿಟ್ಟಿತು. ಹಾಗೆ ಎನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು.

ಮಾರನೆಯ ದಿನ ಬಂದರಿನಲ್ಲಿ ಅಪ್ಪ ಮೆಟ್ಟಿಲಿಗೊಮ್ಮೆ ನಿಂತು ನಿಂತು ಇಳಿದರು. ಎಷ್ಟು ಕುಗ್ಗಿಹೋಗಿದ್ದರು! ಶಾಲೆಯ ಸಮವಸ್ತ್ರದಲ್ಲಿದ್ದ ಇಯೋರಿ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಮುದುಕರು ಅವನ ಗಲ್ಲ ಹಿಡಿದು ಮುಖ ಎತ್ತಿ ನೋಡಿದರು.

“ಇನ್ನೂ ನಮ್ಮವನಾಗಿರೋವಾಗ್ಲೇ ಒಂದ್ಸಲ ನೋಡ್ಬೇಕು ಅನ್ನಿಸ್ತು,” ಎಂದರು. “ಎಲ್ಲಿ ಆ ಕಚೇರಿ? ನಡೀರಿ.”

ದೂತಾವಾಸದ ಬೆಂಚಿನ ಮೇಲೆ ಮೂವರೂ ಕೂತರು. ಹದಿನೈದು ದಾಟಿದವನು ಅರ್ಜಿಯನ್ನು ತಾನೇ ಬರೆಯಬೇಕು ಎಂದು ಗಾಜಿನ ಆಚೆಯ ಹುಡುಗಿ ಪೆನ್ನು ಕೊಟ್ಟಳು. ಇಯೋರಿ ಪೆನ್ನನ್ನು ಅರ್ಜಿಯ ಮೇಲೆ ಅಡ್ಡ ಇಟ್ಟು ಕೈ ಕಟ್ಟಿಕೊಂಡ. ಮಿಹ್ವಾ ಅಪ್ಪನ ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು.

ಅಪ್ಪ ಕೋಟಿನ ಒಳಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೊಮ್ಮಗನ ತೊಡೆಯ ಮೇಲೆ ಬಿಡಿಸಿದರು. “ಇದು ಸರ್ಕಾರ ಕೊಟ್ಟಿರೋ ನನ್ನ ಸಂಸಾರದ ಹಾಳೆ. ನಮ್ಮ ಅಕ್ಷರ ಓದೋಕೆ ಬರುತ್ತಾ ಮಗಾ?”

“ಸ್ವಲ್ಪ ಸ್ವಲ್ಪ, ತಾತ.” ಇಯೋರಿ ಬೆರಳಿಟ್ಟು ಓದಿದ. ತಾತನ ಹೆಸರು. ಅಮ್ಮನ ಹೆಸರು. ಸೋನ್ ಜೆಗುಕ್. ಆ ಹೆಸರಿನ ಪಕ್ಕದ ಪದ ಅವನಿಗೆ ಬರಲಿಲ್ಲ. “ಅಮ್ಮಾ, ಇದೇನು?”

“ತೀರಿಕೊಂಡಿದ್ದಾನೆ ಅಂತ,” ಎಂದಳು ಮಿಹ್ವಾ ಜಪಾನಿಯಲ್ಲಿ.

“ನಿಮ್ಮಮ್ಮನ ಹಾಳೇನೂ ತೆಗೆಸಿ ನೋಡ್ದೆ,” ಎಂದರು ಮುದುಕರು. “ಅದ್ರಲ್ಲಿ ನೀನಿದ್ದೀಯ. ಪಕ್ಕದಲ್ಲಿ ಏನೂ ಬರ್ದಿಲ್ಲ. ನೀನು ಬಿಟ್ರೆ ಅಲ್ಲಿ ‘ಪೌರತ್ವ ಇಲ್ಲ’ ಅಂತ ಬರೀತಾರಂತೆ, ಕಚೇರೀಲಿ ಕೇಳ್ದೆ. ಬರೀಲಿ ಬಿಡು. ಅದನ್ನ ಓದ್ಕೊಂಡು ನಾನು ಅನ್ನ ತಿನ್ನಬಲ್ಲೆ. ಜೆಗುಕ್ ಪಕ್ಕದಲ್ಲಿರೋ ಇದನ್ನ ಓದ್ಕೊಂಡು ಹದಿನಾರು ವರ್ಷದಿಂದ ತಿಂತಾ ಇದ್ದೀನಿ. ಅದು ಅನ್ನ ಅಲ್ಲ ಕಂದಾ.”

ಇಯೋರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅವನು ತಾಯಿಯ ಕಡೆ ತಿರುಗಿದ. ಮಿಹ್ವಾ ಒಂದು ಮಾತೂ ಬಿಡದೆ ಹೇಳಿದಳು: ಅಪ್ಪ ಹೇಳಿದ್ದನ್ನೂ ಹೇಳಿದಳು, ತಾನು ಇಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಳೆ, ಗುಡ್ಡ, ಶವಪೆಟ್ಟಿಗೆ ಎಲ್ಲವನ್ನೂ ಹೇಳಿದಳು.

ಹುಡುಗ ಹಾಳೆಯನ್ನು ಮೊದಲಿನ ಗೆರೆಗೇ ಮಡಿಸಿ ತಾತನ ಕೈಗಿಟ್ಟ. ಆಮೇಲೆ ಕೇಳಿದ, “ಬಿಟ್ಟ ಮೇಲೂ ನಿಮ್ಮ ಮನೆಗೆ ಬರಬಹುದಾ ತಾತ?”

“ಬರದೆ? ಬುಸಾನ್‌ಗೆ ಓದೋಕೆ ಬಂದು ಹೋಟ್ಲಲ್ಲಿ ಇರ್ತೀಯಾ? ಕಾಲು ಮುರೀತೀನಿ!”

ಇಯೋರಿ ಪೆನ್ನು ಎತ್ತಿಕೊಂಡು ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲ ತುಂಬಿದ. ಪೌರತ್ವ ಬಿಡಲು ಕಾರಣವೇನು ಎಂದು ಕೇಳಿದ ಜಾಗದಲ್ಲಿ ತಡೆದು ನಿಂತ. ಅಲ್ಲಿಗೆ ಏನು ಬರೆಯಬೇಕೆಂದು ಗೆಳತಿಯರನ್ನು ಕೇಳಿ ಮಿಹ್ವಾ ನಾಲ್ಕು ಸಾಲು ಸಿದ್ಧ ಮಾಡಿಕೊಂಡಿದ್ದಳು. ಅವನು ಅವಳ ಕಡೆ ನೋಡಲೇ ಇಲ್ಲ. ಬಗ್ಗಿಕೊಂಡು, ಮಕ್ಕಳು ತಿದ್ದುವ ಹಾಗೆ ಒಂದೊಂದೇ ಕೊರಿಯನ್ ಅಕ್ಷರ ಬರೆದ: ‘ನಮ್ಮ ತಾತ ಬೇಡ ಅಂದರು.’