ಬಾಲ್ಕನಿಯಿಂದ ಕಂಡದ್ದು

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ, ಬೇರೆಯವರದು ಆಮೇಲೆ. ಗಂಡನ ರಕ್ತ ಹತ್ತಿದ ಜಾಕೆಟ್ಟನ್ನು ನಾನೇ ಒಗೆದು ಹಾಕಿದೆ. ಆಸ್ಪತ್ರೆಗೆ ಹೋಗಿಬಂದ ಬಟ್ಟೆಯನ್ನು ಹಾಗೇ ಮನೆಯೊಳಗೆ ಇಟ್ಟುಕೊಳ್ಳಬಾರದು ಎಂದು ಮೈಸೂರಿನಲ್ಲಿ ಅಮ್ಮ ನನ್ನ ತಲೆಯಲ್ಲಿ ತುಂಬಿದ್ದು, ಐರ್ಲೆಂಡಿನ ಮೇನೂತಿಗೆ ಬಂದು ಆರು ವರ್ಷವಾದರೂ ಇಳಿದಿರಲಿಲ್ಲ. ಲೋಹಿತ್ ಊದಿದ ಮುಖದಲ್ಲಿ ಸೋಫಾದ ಮೇಲೆ ನರಳುತ್ತಿದ್ದರೆ, ನಾನು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ತಣ್ಣೀರು, ಉಪ್ಪು ಹಾಕಿ ಉಜ್ಜುತ್ತಿದ್ದೆ. ಕಲೆ ಚೆನ್ನಾಗಿಯೇ ಹೋಯಿತು.

ಆಗಿದ್ದು ಇಷ್ಟು. ಅಕ್ಟೋಬರಿನ ಒಂದು ಸಂಜೆ ಆರು ಗಂಟೆಗೆ ಅವನು ಆಫೀಸು ಮುಗಿಸಿ ಬಸ್ಸಿಳಿದ. ಸ್ಟಾಪಿನಲ್ಲಿ ತಲೆಗೆ ಹುಡ್ ಎಳೆದುಕೊಂಡ ಮೂವರು ಯುವಕರು ನಿಂತಿದ್ದರು. ನಿನ್ನ ದೇಶಕ್ಕೆ ಹೋಗು ಅಂದರು. ಲೋಹಿತ್ ತಲೆ ತಗ್ಗಿಸಿ ದಾಟಲು ನೋಡಿದ. ಮೊದಲ ಏಟು ಕಿವಿಗೆ ಬಿತ್ತು, ಎರಡನೆಯದು ಬಾಯಿಗೆ. ಮೂರು ಹಲ್ಲು ರಸ್ತೆಗೆ ಬಿದ್ದವು. ಇಬ್ಬರು ಅವನ ಕೈ ತಿರುಚಿ ಹಿಡಿದರು, ಒಬ್ಬ ಪಕ್ಕೆಗೆ ಒದೆಯತೊಡಗಿದ. ಜನ್ಮದಲ್ಲಿ ಜಗಳವಾಡದ ನನ್ನ ಗಂಡ ಆ ಒದೆಯುವವನ ಮುಖಕ್ಕೆ ಹಣೆಯಿಂದ ಗುದ್ದಿದ. ಅವನ ಮೂಗು ಒಡೆದು ರಕ್ತ ಲೋಹಿತನ ಜಾಕೆಟ್ ಮೇಲೆ ಸುರಿಯಿತು, ಹುಡ್ ಜಾರಿತು. ಆಮೇಲೆ ಅವರು ಅವನನ್ನು ನೆಲಕ್ಕೆ ಕೆಡವಿ, ಇನ್ನೊಂದು ಬಸ್ಸು ಬರುವವರೆಗೂ ತುಳಿದರು.

ಜಾಕೆಟ್ ಮೇಲಿದ್ದ ರಕ್ತದಲ್ಲಿ ಅರ್ಧ ಹೊಡೆದವನದು. ಮಾರನೆಯ ದಿನ ಗಾರ್ಡಾ ಪೊಲೀಸರು ಬಂದು ಜಾಕೆಟ್ ಕೇಳಿದಾಗ, ಅದು ನಮ್ಮ ಹಿತ್ತಲಿನ ಹಗ್ಗದ ಮೇಲೆ ಸೋಪಿನ ವಾಸನೆ ಬೀರುತ್ತ ಒಣಗುತ್ತಿತ್ತು.

ಉಳಿದದ್ದು ಒಬ್ಬರೇ ಸಾಕ್ಷಿ, ಥಡಿಯಸ್ ಪೆಲ್ಟಿಯರ್. ವಾರಕ್ಕೆ ಮೂರು ಮಧ್ಯಾಹ್ನ ನಾನು ಅವರ ಆತ್ಮಕಥೆಯನ್ನು ಟೈಪ್ ಮಾಡಿಕೊಡುತ್ತಿದ್ದೆ. ಅವರ ಕಿಟಕಿಯ ಎದುರಿಗೇ ಆ ಬಸ್ ಸ್ಟಾಪು. ಎಂಬತ್ತಮೂರು ವರ್ಷದವರು, ಕೆರಿಬಿಯನ್ ಸಮುದ್ರದ ನಕ್ಷೆಯಲ್ಲಿ ಕನ್ನಡಕ ಹಾಕಿಕೊಂಡು ಹುಡುಕಬೇಕಾದಷ್ಟು ಚಿಕ್ಕ ದ್ವೀಪದವರು. ಡಬ್ಲಿನ್ನಿನಲ್ಲಿ ಕಾನೂನು ಓದಿ, ಇಲ್ಲಿಯ ಹೆಣ್ಣನ್ನೇ ಮದುವೆಯಾಗಿ, ಊರಿಗೆ ಮರಳಿ ವಕೀಲರಾದರು. ಗಲ್ಲಿಗೇರಬೇಕಿದ್ದ ಒಂಬತ್ತು ಜನರನ್ನು ಉಳಿಸಿದರು. ಆಮೇಲೆ ಮಂತ್ರಿ, ಆಮೇಲೆ ಇಪ್ಪತ್ತು ವರ್ಷ ರಾಯಭಾರಿ. ಹೆಂಡತಿ ತೀರಿಕೊಂಡ ಮೇಲೆ ಮಗಳು ನೋರಾಳ ಜೊತೆ ಮೇನೂತಿನಲ್ಲಿದ್ದರು. ತಮ್ಮನ್ನು ಹೊಗಳಿಕೊಳ್ಳುವುದರಲ್ಲಿ ಏನೂ ಕಂಜೂಸುತನ ಇರಲಿಲ್ಲ.

ಒಂದು ಕಡೆ ಮಾತ್ರ ಅವರ ಕಥೆ ನಿಂತುಹೋಗಿತ್ತು. "ಚುನಾವಣೆಯ ವಾರ ಕೆಲವು ಅಹಿತಕರ ಘಟನೆಗಳು ನಡೆದವು" ಎಂದು ಬರೆಸಿದ್ದರು. ಏನು ಘಟನೆ ಸರ್ ಎಂದು ಕೇಳಿದ್ದೆ. ವಿರೋಧ ಪಕ್ಷದ ಆನ್ಸೆಲ್ಮ್ ಎಂಬ ಮೇಷ್ಟರನ್ನು ನಡುಮಧ್ಯಾಹ್ನ ಸಂತೆಯಲ್ಲಿ, ಇವರ ಪಕ್ಷದ ಕಚೇರಿಯ ಬಾಲ್ಕನಿಯ ಎದುರಿಗೇ, ಕಬ್ಬು ಕಡಿಯುವ ಮಚ್ಚಿನಿಂದ ಕೊಚ್ಚಿ ಹಾಕಿದ್ದರು. ಮೊದಲು ಕೈ ಬಿತ್ತಂತೆ. ಮೇಷ್ಟರು ಆ ಕೈಯನ್ನೇ ಹುಡುಕುತ್ತ ಬಗ್ಗಿದಾಗ ಕುತ್ತಿಗೆಗೆ ಏಟು ಬಿತ್ತಂತೆ. ಇಷ್ಟು ವಿವರ ನಿಮಗೆ ಹೇಗೆ ಗೊತ್ತು ಎಂದರೆ, ಚಹಾ ತಾ ಎಂದರು. ರಾಜಕಾರಣಿಗಳು ಎಲ್ಲ ಊರಲ್ಲೂ ಒಂದೇ ಎಂದುಕೊಂಡು ನಾನೂ ಸುಮ್ಮನಾದೆ.

ಜಾಕೆಟ್ ಒಗೆದೆ ಎಂದು ಹೇಳಿದಾಗ ಅವರು ಕೈಲಿದ್ದ ಕೋಲನ್ನು ನೆಲಕ್ಕೆ ಕುಟ್ಟಿದರು.

"ತೊಳೆದೆಯಾ? ಮೂರ್ಖ ಹೆಂಗಸೇ, ಅದು ಬಟ್ಟೆಯಲ್ಲ, ನಿನ್ನ ಕೇಸು."

"ಬೈಯಿರಿ ಸರ್," ಎಂದೆ. "ಆದರೆ ನೀವು ನೋಡಿದ್ದೀರಾ?"

ಅವರು ಕಿಟಕಿಯತ್ತ ತಿರುಗಿದರು. "ನೋಡಿದೆ," ಎಂದರು. "ಹುಡ್ ಜಾರಿದಾಗ ದೀಪದ ಕೆಳಗೇ ಇದ್ದ. ಡ್ಯಾರನ್ ಅಂತ, ಅಂಗಡಿಯ ಹಿಂದಿನ ಬೀದಿಯವನು. ಕೋರ್ಟಿನಲ್ಲಿ ಹೇಳುತ್ತೇನೆ."

ಪೊಲೀಸರು ಡ್ಯಾರನ್ನನ್ನೂ ಅವನ ಜೊತೆಗಿದ್ದ ಇಬ್ಬರನ್ನೂ ಹಿಡಿದರೂ, ಡ್ಯಾರನ್ ಜಾಮೀನಿನ ಮೇಲೆ ಹೊರಗೇ ಇದ್ದ. ನಾನು ಹಾಲು ತರಲು ಹೋದರೆ ತನ್ನ ಹಲ್ಲನ್ನು ಬೆರಳಿಂದ ತಟ್ಟಿ ತೋರಿಸಿ ನಗುತ್ತಿದ್ದ. ಡಿಸೆಂಬರಿನಲ್ಲಿ ಒಂದು ಇಟ್ಟಿಗೆ ನಮ್ಮ ಕಿಟಕಿ ಒಡೆದುಕೊಂಡು ಬಂದು, ಅನ್ನ ಕಲಸುತ್ತಿದ್ದ ಲೋಹಿತನ ಕಾಲ ಬಳಿ ಬಿತ್ತು. ಗಾಜು ಅವನ ಕೆನ್ನೆ ಸೀಳಿತ್ತು.

"ಬಿಟ್ಬಿಡೋಣ ಕಣೇ," ಎಂದ ಅವನು, ಟವೆಲ್ ಒತ್ತಿಕೊಂಡು. "ಕೇಸು ಬಿದ್ದೋದ್ರೆ ಇವ್ರು ನಮ್ಮನ್ನ ಸುಮ್ನೆ ಬಿಡ್ತಾರಾ? ಕೆಲಸದ ಪರ್ಮಿಟ್ ರಿನ್ಯೂವಲ್ ಬೇರೆ ಇದೆ."

"ಬಿಟ್ರೆ ಮಾತ್ರ ಸುಮ್ನೆ ಇರ್ತಾರಾ? ನಾಳೆ ಸಂಜೆ ಬಸ್ ಇಳಿದು ನೀನು ಹೆಂಗೆ ಬರ್ತೀಯ, ಹೇಳು."

ಆ ಎರಡು ತಿಂಗಳಿಂದ ನಾನೇ ದಿನಾ ಸ್ಟಾಪಿಗೆ ಹೋಗಿ ಅವನನ್ನು ಕರೆತರುತ್ತಿದ್ದೆ, ಬ್ಯಾಗಿನಲ್ಲಿ ಲಟ್ಟಣಿಗೆ ಇಟ್ಟುಕೊಂಡು. ನಗಬೇಡಿ. ಡ್ಯಾರನ್ ಜೈಲಿಗೆ ಹೋಗಬೇಕಿತ್ತು, ಅದೊಂದೇ ನನಗೆ ಬೇಕಿದ್ದದ್ದು.

ವಿಚಾರಣೆಯ ದಿನ ಕೋರ್ಟಿನಲ್ಲಿ ತೀರ್ಪು ಹೇಳಲು ಹನ್ನೆರಡು ಜನ ಸಾಮಾನ್ಯರ ಜ್ಯೂರಿ. ಪೆಲ್ಟಿಯರ್ ಸೂಟು ಹಾಕಿಕೊಂಡು ನೆಟ್ಟಗೆ ನಿಂತು, ಕಂಡದ್ದನ್ನು ಒಂದೂ ಬಿಡದೆ ಹೇಳಿದರು. ಜ್ಯೂರಿಯ ಮುಖ ನೋಡಿ, ಗೆದ್ದೆವು ಎಂದುಕೊಂಡೆ. ಆಮೇಲೆ ಡ್ಯಾರನ್ ಪರವಾದ ವಕೀಲೆ ಎದ್ದಳು, ತೆಳ್ಳನೆಯ ದನಿಯ ಹೆಂಗಸು. ಅವಳ ಕೈಯಲ್ಲಿ ಹಳೆಯ ವರದಿಯೊಂದರ ಪ್ರತಿ ಇತ್ತು.

"ನಿಮ್ಮ ಕಿಟಕಿಯಿಂದ ಸ್ಟಾಪು ನಲವತ್ತು ಹೆಜ್ಜೆ. ಮುಸ್ಸಂಜೆ. ನಿಮಗೆ ಎಂಬತ್ತಮೂರು. ಆದರೂ ಮುಖ ಗುರುತು ಸಿಕ್ಕಿತು?"

"ಸಿಕ್ಕಿತು."

"ನಲವತ್ತೈದು ವರ್ಷದ ಹಿಂದೆ ಆನ್ಸೆಲ್ಮ್ ಕೊಲೆಯ ವಿಚಾರಣೆಯಲ್ಲಿ ನೀವು ಬೈಬಲ್ ಮುಟ್ಟಿ ಹೇಳಿದ್ದು ಇಲ್ಲಿದೆ. ಬಾಲ್ಕನಿಯಿಂದ ಸಂತೆಗೆ ಇಪ್ಪತ್ತೈದು ಹೆಜ್ಜೆ. ನಡುಮಧ್ಯಾಹ್ನ. ನಿಮಗಾಗ ಮೂವತ್ತೆಂಟು. 'ನನಗೆ ಯಾರ ಮುಖವೂ ಗುರುತಾಗಲಿಲ್ಲ' ಎಂದಿದ್ದೀರಿ. ನಿಮ್ಮ ಕಣ್ಣು ವಯಸ್ಸಾದಂತೆ ಚುರುಕಾಯಿತೇ?"

ಜ್ಯೂರಿಯಲ್ಲಿ ಒಬ್ಬ ನಕ್ಕ. ಡ್ಯಾರನ್ ನನ್ನ ಕಡೆ ತಿರುಗಿ ಹಲ್ಲು ತಟ್ಟಿ ತೋರಿಸಿದ. ನಾನು ಆ ಮುದುಕರನ್ನೇ ನೋಡುತ್ತಿದ್ದೆ. ಅವರು ನೋರಾಳನ್ನು ನೋಡುತ್ತಿದ್ದರು. ಆಮೇಲೆ ನನ್ನ ಪಕ್ಕದಲ್ಲಿದ್ದ ಲೋಹಿತನ ಸೀಳಿದ ಕೆನ್ನೆಯನ್ನು ನೋಡಿದರು.

"ನನ್ನ ಕಣ್ಣು ಆಗಲೂ ಚೆನ್ನಾಗಿತ್ತು," ಎಂದರು. "ಅವತ್ತು ಹೇಳಿದ್ದು ಸುಳ್ಳು. ನಾನು ನೋಡಿದೆ. ಕೈ ಕಡಿದದ್ದೂ ಕುತ್ತಿಗೆಗೆ ಹಾಕಿದ್ದೂ ಒಬ್ಬನೇ. ನನ್ನ ತಮ್ಮ ಲೂಸಿಯನ್. ಅವನು ಇನ್ನೂ ಬದುಕಿದ್ದಾನೆ, ಅದೇ ಊರಿನಲ್ಲಿ. ಸುಳ್ಳು ಹೇಳಿ ನಾನು ಮಂತ್ರಿಯಾದೆ."

ನೋರಾ ಎದ್ದು ಹೊರಗೆ ಹೋದಳು. ವಕೀಲೆ ಏನೋ ಕೇಳಲು ಹೋದಳು, ಆದರೆ ಜ್ಯೂರಿಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಸ್ವಂತ ತಮ್ಮನನ್ನು ಬಿಟ್ಟುಕೊಟ್ಟವನು ಯಾರೋ ಡ್ಯಾರನ್ ವಿಷಯದಲ್ಲಿ ಯಾಕೆ ಸುಳ್ಳು ಹೇಳುತ್ತಾನೆ? ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೂವರೂ ಅಪರಾಧಿಗಳೆಂದು ತೀರ್ಪಾಯಿತು. ಶಿಕ್ಷೆಯ ದಿನದವರೆಗೂ ಜಾಮೀನಿಲ್ಲ ಎಂದು ಅಲ್ಲಿಂದಲೇ ಕರೆದೊಯ್ದರು. ನಾನು ಮನೆಗೆ ಬಂದು ಕೇಸರಿಬಾತ್ ಮಾಡಿದೆ. ಸಂತೋಷವಾಗಿತ್ತು, ಯಾಕೆ ಮುಚ್ಚಿಡಲಿ?

ನಾಲ್ಕನೆಯ ದಿನ ಆತ್ಮಕಥೆಯ ಕೆಲಸಕ್ಕೆ ಹೋದೆ. ಬಾಗಿಲು ತೆರೆದ ನೋರಾಳ ಕಣ್ಣು ಊದಿತ್ತು. ಫೋನು ನನ್ನ ಮುಖಕ್ಕೆ ಹಿಡಿದಳು. ಕೋರ್ಟಿನ ಸುದ್ದಿ ಅಷ್ಟರಲ್ಲಿ ದ್ವೀಪಕ್ಕೂ ಮುಟ್ಟಿತ್ತು; ಇದು ಅಲ್ಲಿಯ ಯಾರೋ ತೆಗೆದ ವಿಡಿಯೊ. ಒಂದು ಗುಂಪು ಮುದುಕನೊಬ್ಬನನ್ನು ಮನೆಯಿಂದ ಕೂದಲು ಹಿಡಿದು ಎಳೆಯುತ್ತಿತ್ತು. ಅವನ ಒಂದು ಚಪ್ಪಲಿ ಮೆಟ್ಟಿಲ ಮೇಲೆಯೇ ಉಳಿಯಿತು. ಕಲ್ಲಿನಿಂದ ಹೊಡೆದರು, ಕಬ್ಬಿಣದ ಸಲಾಕೆಯಿಂದ ಹೊಡೆದರು, ಅವನು ಅಲುಗಾಡುವುದು ನಿಂತ ಮೇಲೂ ತುಳಿದರು.

"ನನ್ನ ಚಿಕ್ಕಪ್ಪ," ಎಂದಳು ನೋರಾ. "ನಿನ್ನ ಗಂಡನ ಮೂರು ಹಲ್ಲಿಗೆ ಇಷ್ಟು ಸಾಕಾಯಿತಾ?"

ನಾನು ಸಾರಿ ಎಂದೆ. ಬೇರೇನು ಹೇಳಲಿ? ಒಳಗಿನಿಂದ ಪೆಲ್ಟಿಯರ್ "ವೇದಾ" ಎಂದು ನನ್ನನ್ನು ಕರೆದರು.

ಅವರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಗಡ್ಡ ಬೋಳಿಸಿರಲಿಲ್ಲ.

"ವಿಡಿಯೊ ಹತ್ತು ಸಲ ನೋಡಿದೆ," ಎಂದರು. "ಸಲಾಕೆ ಹಿಡಿದವನ ಮುಖ ಒಂದು ಕ್ಷಣ ಕಾಣುತ್ತದೆ. ಅಲ್ಲಿಯ ಪೊಲೀಸರು ಯಾರೂ ಗುರುತು ಸಿಗಲಿಲ್ಲ ಎಂದಿದ್ದಾರೆ. ನನಗೆ ಸಿಕ್ಕಿತು. ಆನ್ಸೆಲ್ಮನ ಮಗ ಅವನು. ಅಪ್ಪನ ಶವದ ಮೆರವಣಿಗೆಯಲ್ಲಿ ನೋಡಿದ್ದೆ. ಎಡಗಣ್ಣಿನ ಕೆಳಗಿನ ಆ ಮಚ್ಚೆಯನ್ನು ಮರೆತಿಲ್ಲ."

ಅಪ್ಪನ ಕಡಿದ ಕೈಯನ್ನು ನೋಡಿ ಬೆಳೆದ ಮಗ. ನಾನು ಅವನ ಜಾಗದಲ್ಲಿದ್ದರೆ ಲಟ್ಟಣಿಗೆ ಎತ್ತುತ್ತಿರಲಿಲ್ಲವೇ?

"ಬೇಡ ಸರ್," ಎಂದೆ. "ಬಿಟ್ಟುಬಿಡಿ. ನಿಮಗೆ ಕಾಣಲಿಲ್ಲ ಅಂದುಕೊಳ್ಳಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟು ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ.

"ಲೂಸಿಯನ್ನನಿಗೂ ಹೆಂಡತಿ ಇದ್ದಾಳೆ, ವೇದಾ. ವಿಡಿಯೊದಲ್ಲಿ ಬಾಗಿಲ ಹತ್ತಿರ ಕೂಗುತ್ತಿರುವವಳು ಅವಳೇ," ಎಂದರು. "ನಿನ್ನ ಗಂಡನನ್ನು ತುಳಿದವನ ಹೆಸರು ಹೇಳು ಎಂದು ನೀನು ನನ್ನನ್ನು ಕೇಳಿದೆ. ಅವಳೂ ಇವತ್ತು ಬೆಳಿಗ್ಗೆ ಫೋನು ಮಾಡಿ ಅದನ್ನೇ ಕೇಳಿದಳು."

ನಾನು ಕಂಪ್ಯೂಟರಿನ ಮುಂದೆ ಕೂತೆ. ಅವರು ದ್ವೀಪದ ಪೊಲೀಸ್ ಅಧಿಕಾರಿಯ ವಿಳಾಸ ಹೇಳಿದರು, ಆಮೇಲೆ ಆ ಮಗನ ಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿದರು. ನನ್ನ ಬೆರಳು ಎರಡು ಸಲ ನಿಂತಿತು. ಎರಡು ಸಲವೂ ಅವರು ಕಾದರು, ನಾನು ಟೈಪ್ ಮಾಡಿದೆ.