ತಿರುವಿನ ಮೆಟ್ಟಿಲು

ನಮ್ಮ ಮನೆಯ ಮೆಟ್ಟಿಲು ಹದಿನೇಳು. ಒಂಬತ್ತನೆಯದರಲ್ಲಿ ತಿರುವು. ಅಲ್ಲಿ ನಿಂತರೆ ಕೆಳಗೆ ಅಡುಗೆಮನೆಯಲ್ಲಿರುವ ಅತ್ತಿಗೆಗೂ ಕಾಣುವುದಿಲ್ಲ, ಮೇಲೆ ಮಂಚದಲ್ಲಿರುವ ಅಮ್ಮನಿಗೂ ಕಾಣುವುದಿಲ್ಲ. ಮನೆಯಲ್ಲಿ ನನ್ನದು ಅಂತ ಇದ್ದ ಜಾಗ ಅದೊಂದೇ.

ಅಮ್ಮ ಸೊಂಟ ಮುರಿದುಕೊಂಡು ಮೇಲಿನ ಕೋಣೆಯಲ್ಲೇ ಉಳಿದ ಮೇಲೆ ಅವಳಿಗೂ ಅತ್ತಿಗೆಗೂ ಮಾತು ನಿಂತಿತ್ತು. ಕೊನೆಯ ಜಗಳದ ದಿನ ಅಣ್ಣ ಹೇಳಿಬಿಟ್ಟಿದ್ದ: "ಇನ್ನೊಂದ್ಸಲ ಹೀಗಾದ್ರೆ ನಾವು ಬೇರೆ ಮನೆ ನೋಡ್ಕೋತೀವಿ. ಅಮ್ಮನ್ನ ನೀನೇ ನೋಡ್ಕೋ."

ನಾನು ಏಳನೇ ತರಗತಿಗೆ ಶಾಲೆ ಬಿಟ್ಟು, ಮನೆಯಲ್ಲೇ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವವಳು. ಹಲ್ಲಲ್ಲಿ ದಾರ ಕಚ್ಚಿಕೊಂಡಿದ್ದರೆ ಯಾರೂ ಮಾತಾಡಿಸುವುದಿಲ್ಲ, ಅದಕ್ಕೇ ಈ ಕೆಲಸ ಇಷ್ಟ. ಆದರೆ ಗುಂಡಿ ಹೊಲಿದು ಎರಡು ಹೊಟ್ಟೆ ತುಂಬುವುದಿಲ್ಲ.

ಊಟದ ತಟ್ಟೆಯ ಜೊತೆ ಮಾತನ್ನೂ ನಾನೇ ಹೊರುತ್ತಿದ್ದೆ.

"ನಿಮ್ಮ ಮಹಾರಾಣಿಗೆ ಹೇಳು, ಉಪ್ಪು ಕಮ್ಮಿ ಅನ್ನಿಸಿದ್ರೆ ಇಳಿದು ಬಂದು ಹಾಕ್ಕೊಳ್ಲಿ ಅಂತ," ಎಂದು ಅತ್ತಿಗೆ ತಟ್ಟೆ ಕುಕ್ಕುತ್ತಿದ್ದರು.

ತಿರುವಿನಲ್ಲಿ ನಿಂತು ಒಂದು ಉಸಿರು ಬಿಟ್ಟು ಮೇಲೆ ಹೋಗುತ್ತಿದ್ದೆ. "ಉಪ್ಪು ಸರಿಯಿದೆಯಾ ಅಂತ ಅತ್ತಿಗೆ ಕೇಳಿದ್ರು."

"ಇದು ಉಪ್ಪಲ್ಲ, ಉಪ್ಪಿನ ನೆರಳು ಅಂತ ಹೇಳು ಆ ದೊರೆಸಾನಿಗೆ."

ಅದೂ ಇಳಿಯುವಾಗ ಅದೇ ತಿರುವಿನಲ್ಲಿ ಬದಲಾಗುತ್ತಿತ್ತು. "ಚೆನ್ನಾಗಿದೆಯಂತೆ, ಅತ್ತಿಗೆ."

ಹೀಗೆ ನಾಲ್ಕು ತಿಂಗಳು. ಬಾಗಿಲು ಬಡಿಯುವುದು ನಿಂತಿತು. ಅಮ್ಮನ ಬೈಗುಳವೂ ತೆಳುವಾಯಿತು. ಅಣ್ಣ ಮನೆಯಲ್ಲೇ ಕೂತು ಉಣ್ಣತೊಡಗಿದ. ನನ್ನ ಬೆರಳಿಗೆ ಸೂಜಿ ಚುಚ್ಚುವುದು ಕಡಿಮೆಯಾಯಿತು. ನೆಮ್ಮದಿ ಅಂದರೆ ಇದೇ ಇರಬೇಕು ಅಂದುಕೊಂಡೆ.

ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ಏನೋ ಉಜ್ಜುವ ಸದ್ದು. ಅಮ್ಮ ಕೂತುಕೊಂಡೇ ಒಂದೊಂದಾಗಿ ಇಳಿಯುತ್ತಿದ್ದಳು. ಮಡಿಲಲ್ಲಿ ಅವಳ ಉಣ್ಣೆಯ ಶಾಲು. ತಿರುವು ದಾಟಿ, ಬೆವರು ಒರೆಸಿಕೊಂಡು ಅತ್ತಿಗೆಯನ್ನು ಕರೆದಳು.

"ಬಾಮ್ಮಾ, ಇದು ನಿಂಗೆ. ನೋವು ಹೇಗಿದೆ ಅಂತ ದಿನಾ ಕೇಳಿ ಕಳಿಸ್ತೀಯ. ಮಾತಾಡದೆ ಕೂತಿದ್ದಕ್ಕೆ ನಂಗೇ ನಾಚಿಕೆ ಆಯ್ತು."

ಅತ್ತಿಗೆ ಸೌಟು ಹಿಡಿದೇ ಹೊರಗೆ ಬಂದರು. "ನಾನಾ? ನಾನ್ಯಾವತ್ತು ಕೇಳ್ದೆ?"

"ಉಪ್ಪು ಸರಿಯಿದೆಯಾ ಅಂತ... ಹಾಸಿಗೆ ಬದಲಾಯಿಸ್ಬೇಕಾ ಅಂತ..."

"ಅತ್ತೆ, ಇಲ್ಲದ್ದಕ್ಕೆ ಹೂಂ ಅನ್ನೋಕೆ ನಂಗೆ ಬರಲ್ಲ." ಅವರ ಮುಖ ಸಪ್ಪಗಾಯಿತು. "ನನ್ನ ಅಡುಗೆ ಚೆನ್ನಾಗಿದೆ ಅಂದಿದ್ದಾದ್ರೂ ನೀವೇನಾ?"

ಅಮ್ಮ ಇಲ್ಲವೆಂದು ತಲೆಯಾಡಿಸಿದಳು. ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಹಲ್ಲಲ್ಲಿ ದಾರ ಇತ್ತು.

ಜಗಳ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಮ್ಮ ಶಾಲನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ಬೈದಿದ್ರೂ ಅವಳ ಮಾತು ಅಂತ ಇರ್ತಿತ್ತು. ನಾಲ್ಕು ತಿಂಗಳು ನಾನು ಯಾರ ಜೊತೆ ಮಾತಾಡ್ದೆ?"

ಅವಳನ್ನು ಹತ್ತಿಸಿದ್ದು ಅತ್ತಿಗೆ. ನಾನು ಚಾಚಿದ ಕೈಯನ್ನು ಅಮ್ಮ ಹಿಡಿಯಲಿಲ್ಲ.

ಸಂಜೆ ಅಣ್ಣನಿಗೆ ಗೊತ್ತಾಯಿತು. "ಎಲ್ಲಾ ಸರಿಹೋಯ್ತು ಅಂದ್ಕೊಂಡಿದ್ದೆ. ಏನೂ ಆಗೇ ಇರ್ಲಿಲ್ವಲ್ಲ," ಎಂದ. ಮುಂದಿನ ತಿಂಗಳು ಅಣ್ಣ-ಅತ್ತಿಗೆ ಬೇರೆ ಮನೆಗೆ ಹೋಗುತ್ತಾರೆ.

ಆ ರಾತ್ರಿ ಅತ್ತಿಗೆ ಏನೂ ಹೇಳದೆ ತಟ್ಟೆ ಕೊಟ್ಟರು. ಅಭ್ಯಾಸಬಲದಿಂದ ತಿರುವಿನಲ್ಲಿ ನಿಂತೆ. ಬದಲಾಯಿಸಲು ಏನೂ ಇರಲಿಲ್ಲ.

"ಅಮ್ಮಾ, ನೋವು ಹೇಗಿದೆ?"

"ಇದನ್ನ ಯಾರು ಕೇಳಿದ್ದು?"

"ನಾನೇ."

ಅಮ್ಮ ಗೋಡೆಯ ಕಡೆ ಹೊರಳಿದಳು. "ತಟ್ಟೆ ಇಟ್ಟು ಹೋಗು."